ಮೂರನೆಯ ಸಿಲಿಂಡರಿನ ಪಿಸ್ಟನ್ ಸಾಹೇಬರಿಗೆ

ಮಾನ್ಯರೇ,

ಕುರ್ಲಾದ ಟ್ಯಾಕ್ಸಿ ಚಾಲಕ ಬಂಡೆಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಅಲುಗಾಡದೆ ಸುಖವಾಗಿ ಕುಳಿತಿದ್ದೀರೆಂದು ಬಲ್ಲೆ. ಅಲುಗಾಡದಿರುವುದೇ ನನ್ನ ದೂರು.

ನನ್ನ ಟ್ಯಾಕ್ಸಿ ಹೊಗೆ ಕಾರತೊಡಗಿದ್ದರಿಂದ ಸವೆದ ಸಿಲಿಂಡರುಗಳನ್ನು ಅಗಲವಾಗಿ ಕೊರೆಸಿ, ಅವಕ್ಕೆ ತಕ್ಕ ದಪ್ಪ ಪಿಸ್ಟನ್ನುಗಳಿಗಾಗಿ ಅಂಗಡಿ ಅಂಗಡಿ ಅಲೆದಾಗ, ಒಂದೇ ಡಬ್ಬಿಯಲ್ಲಿ ಮೂವರು ಸಹೋದರರು ಸಿಕ್ಕರು; ನಾಲ್ಕನೆಯವರಾಗಿ ಬೇರೆ ಡಬ್ಬಿಯಿಂದ ತಾವು ದಯಮಾಡಿಸಿದಿರಿ. ಮೇಸ್ತ್ರಿ ಫಕ್ರುದ್ದೀನ ತಮ್ಮನ್ನು ಅಳೆದು, "ಬಂಡೆಪ್ಪಾ, ಇಂವ ಕೂದಲೆಳಿಯಷ್ಟು ದಪ್ಪ ಅದಾನ. ಬಿಸಿ ಆದ್ರ ಉಬ್ಬತಾನ. ಸಿಲಿಂಡರ್ ಒಂಚೂರು ತೀಡಿ ಜಾಗಾ ಮಾಡತೀನಿ, ನಾಳಿತನಕಾ ತಡಿ" ಎಂದ.

ತಡೆಯುವುದು ಹೇಗೆ? ಅಂದೇ ನನ್ನ ಹೆಂಡತಿ ದೇವಕ್ಕ ಮೊಟ್ಟಮೊದಲ ಬಾರಿಗೆ ನನ್ನ ಟ್ಯಾಕ್ಸಿಯಲ್ಲಿ ಕೂರುವವಳಿದ್ದಳು. ಆ ಹಿಂದಿನ ಸೀಟಿನಲ್ಲಿ ಅವಳೊಬ್ಬಳನ್ನು ಬಿಟ್ಟು ಇಡೀ ಮುಂಬಯಿಯೇ ಕೂತೆದ್ದಿದೆ. ವಿಲೆ ಪಾರ್ಲೆಯ ವಿಮಾನ ನಿಲ್ದಾಣಕ್ಕೆ ಹೋಗಿ ವಿಮಾನ ನೋಡುವುದೆಂದು ಚಾಳಿನಲ್ಲೆಲ್ಲ ಸಾರಿ, ಇಳಕಲ್ ಸೀರೆಯುಟ್ಟು ಕಾದಿದ್ದಳು. ಬಿಗಿಯಾಗಿದ್ದಷ್ಟೂ ಬಾಳಿಕೆ ಹೆಚ್ಚೆಂದು ಮೇಸ್ತ್ರಿಗೇ ಪಾಠ ಹೇಳಿ ತಮ್ಮನ್ನು ಹಾಗೆಯೇ ಮೂರನೆಯ ಸಿಲಿಂಡರಿನಲ್ಲಿ ಕೂರಿಸಿದೆ.

ಆಹಾ, ತಮ್ಮ ಸ್ವಾಭಿಮಾನವೇ! ಮೇ ತಿಂಗಳ ಬಿಸಿಲಿನಲ್ಲಿ, ಕುರ್ಲಾ ಕೂಡ ದಾಟುವ ಮೊದಲೇ, ತಾವು ಉಬ್ಬಿ, ಗೋಡೆಗೆ ಅಂಟಿಕೊಂಡು ಸತ್ಯಾಗ್ರಹ ಹೂಡಿದಿರಿ. ಉಳಿದ ಮೂವರೂ ಮರುಕ್ಷಣವೇ ತಮಗೆ ಬೆಂಬಲವಾಗಿ ಕೆಲಸ ನಿಲ್ಲಿಸಿದರು. ಈ ಊರಿನ ಯಾವ ಗಿರಣಿಯಲ್ಲೂ ಹರತಾಳ ಇಷ್ಟು ಬೇಗ ಯಶಸ್ವಿಯಾದದ್ದನ್ನು ನಾನು ಕಂಡಿಲ್ಲ.

ನಾಚಿಕೆಯಿಂದ ಭೂಮಿಗಿಳಿದು ಹೋದೆ, ಸ್ವಾಮಿ. ಆದರೆ ದೇವಕ್ಕ ಇಳಿಯಲಿಲ್ಲ. ಬಂದದ್ದೇ ಕೂರಲಿಕ್ಕೆಂದು ಹೇಳಿ, ನಾನೂ ದಾರಿಹೋಕರೂ ಬೆವರು ಸುರಿಸಿ ಗ್ಯಾರೇಜಿನವರೆಗೆ ತಳ್ಳುತ್ತಿದ್ದರೆ, ಮಂತ್ರಿಗಳ ಹೆಂಡತಿಯ ಗತ್ತಿನಲ್ಲಿ ಎರಡೂ ಕಿಟಕಿಗಳಿಂದ ಪೇಟೆ ನೋಡುತ್ತ, "ಸಾವಕಾಶ ತಳ್ಳ್ರಿ, ಎಲ್ಲಾ ನೋಡಬೇಕು" ಎನ್ನುತ್ತಿದ್ದಳು. ಅವಳು ಅಷ್ಟು ಖುಷಿಯಾಗಿದ್ದುದನ್ನು ಕಂಡು ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಈಗ ಫಕ್ರುದ್ದೀನ ತಮಗೆ ಬೇಕಾದಷ್ಟು ಜಾಗ ಮಾಡಿಕೊಡುತ್ತಿದ್ದಾನೆ. ಭಾನುವಾರ ದೇವಕ್ಕ ಮತ್ತೆ ಸೀರೆಯುಡುತ್ತಾಳೆ. ಅಂದಾದರೂ ತಾವು ಕಾದಾಗ ಕುಗ್ಗಿ, ತಣಿದಾಗ ಹಿಗ್ಗುವ ಹೊಸ ಅಭ್ಯಾಸ ಮಾಡಿಕೊಳ್ಳಬೇಕು. ಅದಾಗದಿದ್ದರೆ, ಉಬ್ಬುವ ಮುನ್ನ ನನಗೊಂದು ಮಾತು ತಿಳಿಸಬೇಕೆಂದು ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಬಂಡೆಪ್ಪ

ತಾ.ಕ.: ತಳ್ಳುತ್ತಿದ್ದಾಗ ನಮ್ಮ ತಲೆಯ ಮೇಲೆಯೇ ವಿಮಾನವೊಂದು ಹಾದುಹೋಯಿತು. ಅದರಲ್ಲಿ ಎಷ್ಟು ಪಿಸ್ಟನ್ನುಗಳಿವೆಯೆಂದು ದೇವಕ್ಕ ಕೇಳಿದಳು. ಜೆಟ್ಟಿನಲ್ಲಿ ಒಂದೂ ಇರುವುದಿಲ್ಲವೆಂದೆ. "ಅದಕ್ಕ ನೋಡ್ರಿ, ಅದನ್ನ ಯಾರೂ ತಳ್ಳವಲ್ರು" ಎಂದಳು.