ತೇವ ಸಾಕಷ್ಟಿದೆ

ನನ್ನ ಹೆಂಡತಿ ಉಮಾಶ್ರೀಗೆ ಮೊಣಕಾಲವರೆಗೆ ಕೆಸರಿನಲ್ಲಿ ಇಳಿದರೆ ಮಾತ್ರ ಹೊಲಕ್ಕೆ ನೀರು ಹಾಯಿಸಿದ ಸಮಾಧಾನ. ಅಮರಗೋಳದ ಆಚೆ, ಅವಳ ತವರಿನಿಂದ ಬಂದ ಅರ್ಧ ಎಕರೆ ಎರೆ ಹೊಲದಲ್ಲಿ ಮೆಣಸಿನಗಿಡ ಹಚ್ಚಿದ್ದಾಳೆ. ಕಾಲುವೆ ತೆಗೆದರೆ ಅರ್ಧ ನೀರು ಗಿಡಕ್ಕೆ, ಅರ್ಧ ಬಂಡಿದಾರಿಗೆ. ಕೈ ತೊಳೆದ ನೀರನ್ನೂ ಗಿಡದ ಬುಡಕ್ಕೇ ಬಿಡುವ ನನ್ನಂಥ ಜಲಸಂರಕ್ಷಕನಿಗೆ (ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಈ ಬಿರುದನ್ನು ನಾನೇ ಕೊಟ್ಟುಕೊಂಡಿದ್ದೇನೆ) ಇದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ತಾರಿಹಾಳದ ಹನಮೇಶನನ್ನು ಕರೆಸಿ ಹನಿ ನೀರಾವರಿಯ ಪೈಪು ಹಾಸಿಸಿದೆ. ಅವನು ಒಂದು ಗಿಡದ ಬುಡದಲ್ಲಿ ಮಣ್ಣಿನ ತೇವ ಅಳೆಯುವ ಯಂತ್ರವನ್ನೂ ಹೂತ. ಮಣ್ಣು ಒಣಗಿದರೆ ನೀರೆತ್ತುವ ಮೋಟರು ತಾನೇ ಶುರುವಾಗುತ್ತದೆ. ತೇವವಿದ್ದರೆ ನನ್ನ ಮೊಬೈಲಿಗೆ ಸುದ್ದಿ ಬರುತ್ತದೆ.

ಉಮಾಶ್ರೀ ಒಪ್ಪಿದಳು, ಷರತ್ತಿನ ಮೇಲೆ. "ಸಸಿ ಇದ್ದಾಗಿಂದ ಕೂಸಿನ್ಹಂಗ ಬೆಳೆಸೇನಿ. ಬಾಡಿದ್ವೋ, ಹೊಲದಾಗ ನಿಮ್ಮ ಕಾರಭಾರ ಅಲ್ಲಿಗೆ ಮುಗೀತು ನೋಡ್ರಿ."

ಹತ್ತು ದಿನ ನಾನೇ ಬುತ್ತಿ ಕಟ್ಟಿಸಿಕೊಂಡು ಹೋಗಿ ಕಾವಲು ಕೂತೆ. ಮೊಬೈಲಿನದು ದಿನಾ ಒಂದೇ ಮಂತ್ರ: 'ತೇವ ಸಾಕಷ್ಟಿದೆ.' ಮೋಟರು ಒಮ್ಮೆಯೂ ಮಿಸುಕಲಿಲ್ಲ. ಎಂಥ ಉಳಿತಾಯ! ಗಿಡಗಳು ತಲೆ ಬಗ್ಗಿಸಿದಾಗ, ಸಂಯಮ ಕಲಿಯುತ್ತಿವೆ ಎಂದುಕೊಂಡೆ. ಎಲೆ ಮುದುಡಿದಾಗ ಮಾತ್ರ ಈ ಸಂಯಮ ಅತಿಯಾಯಿತು ಎನಿಸಿತು. ಹನಮೇಶನಿಗೆ ಫೋನಿನಲ್ಲೇ ಬೈದೆ. ಅವನು ಬಂದ, ಅವನ ಬೆನ್ನಿಗೇ ಉಮಾಶ್ರೀಯೂ ಬಂದಳು.

ಅವಳು ನೇರ ಹೊಲದೊಳಗೆ ಇಳಿದಳು. ಒಂದು ಗಿಡದ ಎಲೆ ಸವರಿದಳು, ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ಕೆಡುಕೆನಿಸಿತು. ವಿಚಿತ್ರವೆಂದರೆ, ಯಂತ್ರದ ಪಕ್ಕದ ಗಿಡವೊಂದೇ ಮದುಮಗನ ಹಾಗೆ ನಳನಳಿಸುತ್ತಿತ್ತು. ಯಂತ್ರ ಕೆಟ್ಟಿದೆ ಎಂದು ನಾನು, ಸುತರಾಂ ಇಲ್ಲ ಎಂದು ಹನಮೇಶ. ಹಸಿದ ಹೊಟ್ಟೆಯಲ್ಲಿ ವಾದ ಬೇಡವೆಂದು ಬುತ್ತಿ ಬಿಚ್ಚಿದೆ.

ರೊಟ್ಟಿ, ಎಣ್ಣೆಗಾಯಿ ಮುಗಿಸಿ, ದಿನದ ರೂಢಿಯಂತೆ ತಂಬಿಗೆ ಹಿಡಿದು ಆ ಗಿಡದ ಬುಡಕ್ಕೆ ಹೋದೆ. ಕೈ ತೊಳೆದೆ, ಬಾಯಿ ಮುಕ್ಕಳಿಸಿದೆ, ಡಬ್ಬಿ ತೊಳೆದ ನೀರನ್ನೂ ಅಲ್ಲೇ ಚೆಲ್ಲಿದೆ. ತಿರುಗಿದರೆ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಕಿಸೆಯಲ್ಲಿ ಮೊಬೈಲು ಟಿಣ್ ಎಂದಿತು. ಏನು ಸುದ್ದಿ ಎಂದು ಯಾರೂ ಕೇಳಲಿಲ್ಲ.

ಹನಮೇಶ ಯಂತ್ರವನ್ನು ಕಿತ್ತು ಹತ್ತು ಸಾಲು ಆಚೆ ಹೂತ. ಮೋಟರು ತಕ್ಷಣ ಗುರ್ ಎಂದಿತು. ಸಂಜೆಯ ಹೊತ್ತಿಗೆ ಗಿಡಗಳು ತಲೆ ಎತ್ತಿದವು, ನಾನು ಎತ್ತಲಿಲ್ಲ. ಪೈಪು ಕೀಳಿಸಲೇ ಎಂದು ಮೆಲ್ಲಗೆ ಕೇಳಿದೆ. ಉಮಾಶ್ರೀ ನನ್ನ ಕಿಸೆಗೆ ಕೈ ಹಾಕಿ ಮೊಬೈಲು ತೆಗೆದುಕೊಂಡಳು.

"ಪೈಪು ಛಲೋ ಅದಾವು, ಇರಲಿ. ನೀವು ಇನ್ನ ಹೊಲಕ್ಕ ಬರೋದಾದ್ರ, ಮನ್ಯಾಗ ಉಂಡು, ಕೈ ತೊಳಕೊಂಡು ಬರ್ರಿ."