ಮುಂದಿನ ಸೀಟು ಮತ್ತು ನನ್ನ ಫಸ್ಟ್ ಕ್ಲಾಸ್ ಮೊಣಕಾಲು

ಕಾರು ಆರಿಸುವುದು ಬಹಳ ಸುಲಭದ ಕೆಲಸ ಅಂತ ನಾನು ತಿಳಿದಿದ್ದೆ. ಬದನೆಕಾಯಿ ಆರಿಸಿದ ಹಾಗೆ ನಾಲ್ಕು ಕಡೆ ತಿರುಗಿಸಿ ನೋಡುವುದು, ಹುಳ ಇಲ್ಲದ್ದನ್ನು ತರುವುದು. ಗೋರೆಗಾಂವ್ ಮಾರ್ಕೆಟ್ಟಿನಲ್ಲಿ ನಲವತ್ತೆಂಟು ವರ್ಷ ತರಕಾರಿಯವರ ಜೊತೆ ಜಗಳಾಡಿ ಸಂಸಾರ ನಡೆಸಿದವಳಿಗೆ ಒಂದು ಕಾರು ಯಾವ ಲೆಕ್ಕ!

ನಮ್ಮ ಹಳೇ ಕಾರು ಫ್ಲೈಓವರ್ ಹತ್ತುವಾಗ ನನಗಿಂತ ಜಾಸ್ತಿ ಏದುಸಿರು ಬಿಡಲು ಶುರು ಮಾಡಿತ್ತು. ಹೊಸದು ಬೇಕೇ ಬೇಕು. ಯಾವುದು? ಅಲ್ಲಿಂದ ಮನೆಯಲ್ಲಿ ಎರಡು ಪಕ್ಷ. ಜೋಗೇಶ್ವರಿಯಲ್ಲಿ ನಮ್ಮ ಹೋಟೆಲು ನೋಡಿಕೊಳ್ಳುವ ಮಗ ಪ್ರಶಾಂತನಿಗೆ ಕರೆಂಟಿನಲ್ಲಿ ಓಡುವ ದೊಡ್ಡ ಫ್ಯಾಮಿಲಿ ಗಾಡಿ ಬೇಕು. ವಿಕ್ರೋಳಿಯ ಆಫೀಸಿಗೆ ಹೋಗುವ ಅವನ ಮಗಳು ತನ್ವಿಗೆ ಪೆಟ್ರೋಲಿನ ಪುಟ್ಟ ಜೀಪು ಬೇಕು. ಕಲ್ಲು, ಕೆಸರು, ಗುಡ್ಡ ಎಲ್ಲ ಹತ್ತುತ್ತದಂತೆ.

"ಗೋರೆಗಾಂವಿಂದ ವಿಕ್ರೋಳಿಗೆ ಹೋಗ್ಲಿಕ್ಕೆ ಗುಡ್ಡ ಎಲ್ಲಿ ಉಂಟು ಮಾರಾಯ್ತಿ?" ಎಂದ ಮಗ.

"ಪಪ್ಪಾ, ಮಳೆಗಾಲದಲ್ಲಿ ರಸ್ತೆಯ ಖಡ್ಡಾ, ಗುಂಡಿ ನೋಡಿಲ್ವಾ? ಗುಡ್ಡಾನೇ ಬೆಟರ್!"

ಸೊಸೆ ಲತಾ ತಟಸ್ಥ ರಾಷ್ಟ್ರ. "ಯಾವುದಾದ್ರೂ ತನ್ನಿ. ತೊಳೆಯೂದು ನಾನಲ್ಲ."

ಕೊನೆಗೆ ಮಗ ಒಂದು ತೀರ್ಪು ಕೊಟ್ಟ. "ನನಗೆ ಜೀಪಿನ ಮೇಲೆ ದ್ವೇಷ ಇಲ್ಲ. ಆದ್ರೆ ಅಮ್ಮನ ಮೊಣಕಾಲಿಗೆ ಅದು ಆಗೂದಿಲ್ಲ. ಅಮ್ಮ ಹತ್ತಿ ಇಳಿದು ತೋರಿಸ್ಲಿ, ನಾಳೆಯೇ ಬುಕ್ ಮಾಡುವಾ."

ಹೀಗೆ ಒಂದು ಮನೆತನದ ಭವಿಷ್ಯ ನನ್ನ ಎರಡು ಮೊಣಕಾಲುಗಳ ಮೇಲೆ ಬಂದು ನಿಂತಿತು.

ಈಗ ನನ್ನ ಮನಸ್ಸಿನ ಕಳ್ಳತನ ಹೇಳಬೇಕು. ನಮ್ಮ ಮದುವೆಯಾದಲ್ಲಿಂದ, ನಾಲ್ಕು ಚಕ್ರದ ಯಾವ ವಾಹನದಲ್ಲೇ ಹೋಗಲಿ, ಮುಂದಿನ ಸೀಟು ನಮ್ಮ ಯಜಮಾನರದ್ದು. ಹಿಂದೆ ನಾನು, ನನ್ನ ತೊಡೆಯ ಮೇಲೆ ತಿಂಡಿಯ ಸ್ಟೀಲ್ ಡಬ್ಬಿ. ಖಂಡಾಲಾ ಘಾಟಿಯನ್ನು ನೂರು ಸಲ ದಾಟಿದ್ದೇನೆ. ನೋಡಿದ್ದು ಮಾತ್ರ ಇವರ ಕಿವಿಯ ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ! ಇದು ಯಾರೂ ಮಾಡಿದ ಕಾನೂನಲ್ಲ. ಅದಕ್ಕೇ ಯಾರೂ ಮುರಿಯಲೂ ಇಲ್ಲ. ಸಾಯುವುದರೊಳಗೆ ಒಂದು ಸಲ ಘಾಟಿಯನ್ನು ಪೂರ್ತಿ ಮುಂದಿನ ಗಾಜಿನಿಂದ ನೋಡಬೇಕು ಅಂತ ನನಗೆ ಬಹಳ ಆಸೆ.

ತನ್ವಿ ಜೀಪಿನ ವಿಡಿಯೋ ತೋರಿಸಿದಾಗ ನನ್ನ ತಲೆಯಲ್ಲಿ ಟ್ಯೂಬ್‌ಲೈಟು ಹತ್ತಿತು. ಆ ಜೀಪಿಗೆ ಹಿಂದಿನ ಬಾಗಿಲೇ ಇಲ್ಲ! ಮುಂದಿನ ಸೀಟು ಮಡಚಿ, ಸರ್ಕಸ್ಸಿನವರ ಹಾಗೆ ಸಂದಿಯಲ್ಲಿ ನುಗ್ಗಬೇಕು. ನನ್ನಂಥ ಮೊಣಕಾಲಿನವಳನ್ನು ಯಾರು ಅಲ್ಲಿ ನುಗ್ಗಿಸುತ್ತಾರೆ? ಮುಂದೆ ಕೂರಿಸಲೇಬೇಕು. ಇವರು ಹಿಂದೆ, ಡಬ್ಬಿಯ ಜೊತೆ!

ಒಂದೇ ಒಂದು ತೊಡಕು. ಜೀಪು ಬರಬೇಕಾದರೆ ಮೊಣಕಾಲು ಚೆನ್ನಾಗಿರಬೇಕು. ಬಂದ ಮೇಲೆ ಕೆಟ್ಟಿರಬೇಕು. ಟೈಮಿಂಗಿನ ಪ್ರಶ್ನೆ, ಅಷ್ಟೆ!

ಫೋನಿನಲ್ಲಿ ಕನ್ನಡ ಟೈಪ್ ಮಾಡಲು ತನ್ವಿ ಹೊಸದಾಗಿ ಕಲಿಸಿದ್ದಳು. ಒಂದೇ ಬೆರಳಿನಲ್ಲಿ ಇಪ್ಪತ್ತು ನಿಮಿಷ ಕುಟ್ಟಿ ಮನೆಯವರ ಗ್ರೂಪಿಗೆ ಹಾಕಿದೆ: "ನನ್ನ ಮೊಣಕಾಲು ಈಗ ಫಸ್ಟ್ ಕ್ಲಾಸ್. ಎಲ್ಲಿ ಬೇಕಾದರೂ ಹತ್ತುತ್ತೇನೆ. ನನ್ನ ಓಟು ಜೀಪಿಗೆ." ಗುರುದಕ್ಷಿಣೆಯೂ ಆಯಿತು, ಸ್ವಾರ್ಥವೂ ಆಯಿತು. ತನ್ವಿ ಹತ್ತು ಕೆಂಪು ಹೃದಯ ಕಳಿಸಿದಳು.

ಬಾಯಲ್ಲಿ ಹೇಳಿದ್ದನ್ನು ನಾಳೆ ಇಲ್ಲ ಎನ್ನಬಹುದು. ಟೈಪ್ ಮಾಡಿದ್ದನ್ನು? ಅದನ್ನು ಅವಳು ಕಲಿಸಿರಲಿಲ್ಲ.

ಭಾನುವಾರ ಶೋರೂಮಿಗೆ ಹೋದೆವು. ಹೊರಗೆ ಟೆಸ್ಟ್ ಡ್ರೈವಿಗೆ ಕೆಂಪು ಜೀಪು ನಿಂತಿತ್ತು. ಅಲ್ಲಿನ ಸೇಲ್ಸ್ ಹುಡುಗಿ ಮುಂದಿನ ಬಾಗಿಲು ತೆರೆದದ್ದೇ ತಡ, ನಾನು ಸೆರಗು ಸಿಕ್ಕಿಸಿ ಆ ಸೀಟಿಗೆ ಕೈ ಇಟ್ಟೆ.

"ಎಲ್ಲಿಗೆ?" ಎಂದರು ಇವರು.

"ಮುಂದೆ. ಮೊಣಕಾಲು ಯಾಕೋ ಸ್ವಲ್ಪ..."

ಇವರು ಜೇಬಿನಿಂದ ಫೋನು ತೆಗೆದರು. ಕನ್ನಡಕ ಹಾಕಿದರು. ಕೋರ್ಟಿನ ಆರ್ಡರು ಓದುವ ದನಿಯಲ್ಲಿ ಓದಿದರು: "'ಈಗ ಫಸ್ಟ್ ಕ್ಲಾಸ್. ಎಲ್ಲಿ ಬೇಕಾದರೂ ಹತ್ತುತ್ತೇನೆ.' ಹಿಂದೆ ಹತ್ತು ಮಾರಾಯ್ತಿ!"

ಮಗ ನನ್ನನ್ನೇ ನೋಡುತ್ತಿದ್ದ. ಆಗುವುದಿಲ್ಲ ಎಂದರೆ ತನ್ವಿಯ ಜೀಪು ಹೋಯಿತು. ಅವಳು ಸ್ಟೇರಿಂಗ್ ಹಿಡಿದು, ಹೊಸ ಫ್ರಾಕು ಹಾಕಿಸಿಕೊಂಡ ಮಗುವಿನ ಹಾಗೆ ಕೂತಿದ್ದಳು. ಹತ್ತಿದೆ!

ಹೇಗೆ ಹತ್ತಿದೆ ಅಂತ ಕೇಳಬೇಡಿ. ಮೊದಲು ತಲೆ ಹೋಯಿತು, ಆಮೇಲೆ ಕೈ, ನಡುವಿನದ್ದನ್ನು ಮಗ ತಳ್ಳಿದ. ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಇವರು ಹಾಯಾಗಿ ಮುಂದೆ ಕೂತರು. ಆ ದಿನದ ದೃಶ್ಯವೂ ಅದೇ, ಕಿವಿಯ ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ. ಪ್ರತಿ ಸ್ಪೀಡ್ ಬ್ರೇಕರಿಗೂ ನನ್ನ ತಲೆ ಜೀಪಿನ ಮಾಡಿಗೆ ತಾಗಿ ಬರುತ್ತಿತ್ತು.

"ಅಜ್ಜಿ, ಮಸ್ತ್ ಇದೆ ನಾ?"

"ಮಸ್ತ್!" ಎಂದೆ, ನಾಲಿಗೆ ಕಚ್ಚಿಕೊಂಡು. ನಿಜವಾಗಿಯೇ ಕಚ್ಚಿಕೊಂಡು.

ಶೋರೂಮಿಗೆ ವಾಪಸು ಬಂದು ಜೀಪನ್ನು ಸೀದಾ ಒಳಗೆ ತಂದು ನಿಲ್ಲಿಸಿದರು. ಎಲ್ಲರೂ ಇಳಿದರು. ನಾನು ಇಳಿಯಲಿಲ್ಲ. ಮೊಣಕಾಲುಗಳು ಸೀಟಿನ ಸಂದಿಯಲ್ಲಿ ಮುಷ್ಕರ ಹೂಡಿದ್ದವು.

"ಆಜೀ, ಹಳೂ ಹಳೂ! ಉಜವಾ ಪಾಯ ಆಧೀ!" ಎಂದು ಮರಾಠಿಯಲ್ಲಿ ಹೇಳುತ್ತ ಸೇಲ್ಸ್ ಹುಡುಗಿ ಮೊದಲು ನನ್ನ ಬಲಗಾಲು ಹಿಡಿದಳು.

"ನಹೀ ನಹೀ, ಲೆಫ್ಟ್ ಪೆಹಲೇ!" ಎಂದು ಮ್ಯಾನೇಜರ್ ಓಡಿ ಬಂದ.

"ಎರಡೂ ಒಟ್ಟಿಗೆ ಬೇಡ ಅಮ್ಮ!" ಎಂದ ಮಗ.

ಇವರು ಮೀಸೆಯಲ್ಲೇ ನಗುತ್ತ, "ಪ್ರಶಾಂತಾ, ಬುಕ್ ಮಾಡಿಬಿಡು. ಇವಳನ್ನು ಇಳಿಸೂದಕ್ಕಿಂತ ಅದೇ ಸುಲಭ" ಎಂದರು.

ಕೊನೆಗೆ ಹಿಂದೆ ನನ್ನ ಪಕ್ಕದ ಸೀಟು ಮಡಚಿ, ಸ್ಟೆಪ್ನಿ ಚಕ್ರ ನೇತುಹಾಕಿದ ಡಿಕ್ಕಿ ಬಾಗಿಲು ತೆರೆದರು. ನಮ್ಮ ಹೋಟೆಲಿಗೆ ಟೆಂಪೋದಿಂದ ಗ್ರೈಂಡರ್ ಇಳಿಸಿದ ಹಾಗೆ, ಬೆನ್ನು ಮುಂದಾಗಿ, ನಾಲ್ವರು ಸೇರಿ ನನ್ನನ್ನು ಇಳಿಸಿದರು. ಸರಿಯಾಗಿ ಅದೇ ಕ್ಷಣಕ್ಕೆ ಪಕ್ಕದಲ್ಲಿ ಯಾರೋ ಒಂದು ಸಂಸಾರ ಹೊಸ ಕಾರಿನ ಮೇಲಿನ ಬಟ್ಟೆ ಎಳೆದರು. ಚಪ್ಪಾಳೆ! ಬಣ್ಣದ ಕಾಗದದ ಮಳೆ! ಅರ್ಧ ನನ್ನ ಮೇಲೆಯೇ ಬಿತ್ತು. ಅವರ ಫೋಟೋದಲ್ಲಿ ಕಾರಿನ ಹಿಂದೆ ಜೀಪಿನಿಂದ ಹೆರಿಗೆಯಾಗುತ್ತಿರುವ ಮುದುಕಿ ನಾನೇ.

ಸೋಫಾದಲ್ಲಿ ಕೂರಿಸಿದರು. ತನ್ವಿಯ ಮುಖ ನೋಡಲು ನನ್ನಿಂದಾಗಲಿಲ್ಲ. ಇವರು ರಸ್ತೆಯಿಂದ ಚಪ್ಪಲಿ ಹುಡುಕಿ ತಂದು ನನ್ನ ಕಾಲ ಬಳಿ ಇಟ್ಟರು. ಈಗ ನಗುತ್ತಿರಲಿಲ್ಲ.

"ಇಷ್ಟು ನೋವಿಟ್ಟುಕೊಂಡು ಯಾಕೆ ಈ ಹಠ?"

ಹೇಳಿಬಿಟ್ಟೆ. ಘಾಟಿ, ಮುಂದಿನ ಗಾಜು, ಡಬ್ಬಿ, ಎಲ್ಲ. ಇವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಮುಂದೆ ಕೂರ್ಬೇಕು ಅಂತ ಒಂದು ಮಾತು ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು?"

"ನೀವು ಒಂದು ಮಾತು ಕೇಳಿದ್ದುಂಟಾ?"

"ಅಲ್ಲಿ ಬಿಸಿಲು ಸೀದಾ ಮುಖಕ್ಕೆ ಹೊಡೀತದೆ. ನಿನಗೆ ತಲೆನೋವು ಬರ್ತದೆ ಅಂತ ನಾನು ಕೂತದ್ದು ಮಾರಾಯ್ತಿ!"

ನಲವತ್ತೆಂಟು ವರ್ಷ! ಇವರು ನನಗಾಗಿ ಬಿಸಿಲಿಗೆ ಬೆಂದರು, ನಾನು ಹಿಂದೆ ಕೂತು ಹೊಟ್ಟೆಕಿಚ್ಚಿನಲ್ಲಿ ಬೆಂದೆ.

ತನ್ವಿ ನನ್ನ ಪಕ್ಕ ಕೂತು ತಲೆಯಿಂದ ಬಣ್ಣದ ಕಾಗದ ಹೆಕ್ಕಿದಳು. "ಕೋಯಿ ಬಾತ್ ನಹೀ ಅಜ್ಜಿ. ನೀನು ನನ್ನ ಜೀಪಿಗೆ ಫುಲ್ ಟ್ರೈ ಮಾಡಿದಿ." ನನ್ನ ಪ್ರಯತ್ನ ಯಾವುದಕ್ಕಾಗಿತ್ತು ಅಂತ ಅವಳಿಗೂ ಹೇಳಿದೆ. ನಕ್ಕು ನಕ್ಕು ಸೋಫಾದಿಂದ ಜಾರಿದಳು. ಆದರೂ ಹೊರಡುವಾಗ ಕೆಂಪು ಜೀಪಿನ ಬಾನೆಟ್ಟು ಒಮ್ಮೆ ಸವರಿದ್ದನ್ನು ನಾನು ನೋಡಿದೆ. ಬರಲಿರುವ ಕರೆಂಟಿನ ದೊಡ್ಡ ಗಾಡಿ ಪ್ರತಿ ಶನಿವಾರ ಪೂರ್ತಿ ಅವಳದ್ದೇ ಅಂತ ಮಗನಿಂದ ಮಾತು ತೆಗೆಸಿಕೊಂಡೆ. ಈ ಸಲ ಗ್ರೂಪಿನಲ್ಲಿ ಟೈಪ್ ಮಾಡಿಸಿ!

ಕರೆಂಟಿನ ಗಾಡಿ ಬಂತು. ಮೊದಲ ಭಾನುವಾರವೇ ಘಾಟಿಯ ಆಚೆಯ ಲೋಣಾವಳಕ್ಕೆ. ಇವರೇ ಮುಂದಿನ ಬಾಗಿಲು ತೆರೆದು, ಬೆಲ್ಟು ಕಟ್ಟಿ, ತಾವು ಡಬ್ಬಿ ಹಿಡಿದು ಹಿಂದೆ ಕೂತರು. ರಾಣಿಯ ಹಾಗೆ ಹೊರಟೆ. ಆ ಗಾಡಿಗೆ ಸದ್ದೇ ಇಲ್ಲ. ತಣ್ಣನೆ ಗಾಳಿ, ತೊಟ್ಟಿಲಿನಂಥ ಸೀಟು.

"ಘಾಟಿ ಬಂತಾ?" ಎಂದು ಕಣ್ಣು ಬಿಟ್ಟೆ.

"ಘಾಟಿ ಹೋಯ್ತು ಅಜ್ಜಿ. ಪನ್ವೇಲಿಂದ ಗೊರಕೆ ಹೊಡೀತಿದ್ದಿ."

ಬಿಡಲಿಲ್ಲ ನಾನು. ವಾಪಸು ಬರುವಾಗ ಎರಡು ಲೋಟ ಚಹಾ ಕುಡಿದು, ಕಣ್ಣಿಗೆ ನೀರು ಹಚ್ಚಿ, ಮತ್ತೆ ಮುಂದೆಯೇ ಕೂತೆ. ರೆಪ್ಪೆ ಮಿಟುಕಿಸಲಿಲ್ಲ. ಘಾಟಿ ಶುರುವಾದದ್ದೇ ನಮ್ಮ ಮುಂದೆ ಒಂದು ಲಾರಿ ಬಂದು ಸೇರಿಕೊಂಡಿತು. ಗಾಜಿನ ತುಂಬ ಈರುಳ್ಳಿ ಮೂಟೆ. ಬೆಟ್ಟ ಇಲ್ಲ, ಕಣಿವೆ ಇಲ್ಲ. ಕೆಳಗೆ ಇಳಿಯುವ ತನಕ ಅದು ಒಂದು ಇಂಚು ಸರಿಯಲಿಲ್ಲ.

ಹಿಂದಿನಿಂದ ಇವರು ಪ್ರೀತಿಯಿಂದ ಕೇಳಿದರು, "ಹೇಗುಂಟು ಮುಂದಿನಿಂದ?"

"ಭಾರೀ ಲಾಯ್ಕ್ ಉಂಟು ಮಾರಾಯ್ರೆ!" ಎಂದೆ, ಮೂಟೆ ಎಣಿಸುತ್ತ. ಒಟ್ಟು ನಲವತ್ತೊಂದು.