ಮೂರು ವರ್ಷದ ತಕರಾರು

ಬ್ಯಾಡಗಿಯ ಪ್ರಭುಲಿಂಗಪ್ಪನವರು ಪೆನ್ನಿಗೆಂದು ಮಗಳ ಬ್ಯಾಗಿಗೆ ಕೈ ಹಾಕಿದರು. ಪೆನ್ನು ಸಿಗಲಿಲ್ಲ, ನೋಟೀಸು ಸಿಕ್ಕಿತು. ‘ರಾಣೆಬೆನ್ನೂರಿನ ರುದ್ರಮುನಿ ಎಂಬುವರು ಮಾಹಿತಿ ಹಕ್ಕಿನಡಿ ನಿಮ್ಮ ಸರ್ವಿಸ್ ಬುಕ್ಕಿನಲ್ಲಿರುವ ಜನ್ಮದಿನಾಂಕ ಕೇಳಿದ್ದಾರೆ. ತಕರಾರಿದ್ದರೆ ಹತ್ತು ದಿನದೊಳಗೆ ತಿಳಿಸುವುದು.’ ಹತ್ತನೆಯ ದಿನ ಇವತ್ತೇ!

ರುದ್ರಮುನಿ ಅಂದರೆ ಬೀಗರಾಗಬೇಕಾದವರು. ಅವರ ಮಗ ಪ್ರವೀಣಕುಮಾರ ಕನ್ಯೆ ನೋಡಿ ಹೋಗಿ ತಿಂಗಳಾದರೂ ಹೂಂ ಅಂದಿರಲಿಲ್ಲ. ಸರಕಾರಿ ಶಾಲೆಯ ಟೀಚರ್ ಆಗಿದ್ದ ಮಗಳು ಸುಧಾರಾಣಿಗೆ ಮಾತ್ರ ಹುಡುಗ ಬಹಳ ಹಿಡಿಸಿದ್ದ. ಆದರೆ ಬಯೋಡೇಟಾ ಬರೆಯುವಾಗ ಪ್ರಭುಲಿಂಗಪ್ಪನವರು ಮಗಳ ಮೂವತ್ತು ವರ್ಷವನ್ನು ಯಾರನ್ನೂ ಕೇಳದೆ ಇಪ್ಪತ್ತೇಳು ಮಾಡಿಬಿಟ್ಟಿದ್ದರು.

“ಇಂಥಾ ಕಾಗದಾ ಇಷ್ಟ ದಿನ ಮುಚ್ಚಿಟ್ಟೀಯೇನ?”

“ನಂದೇನ ತಕರಾರಿಲ್ಲಪ್ಪಾ, ಕೊಡ್ಲಿ ಬಿಡ್ರಿ. ಖರೇ ಹೇಳಿದ್ರ ಗಂಟಲ ಹರಿತೈತೇನು?”

“ಸಂಬಂಧಾ ಹರಿತೈತಿ!”

ಗದ್ದಲ ಕೇಳಿ ಪಕ್ಕದ ಮನೆಯ ಟೇಲರ್ ಶಮಶೇರಸಾಬ ಕೊರಳಲ್ಲಿ ಟೇಪಿನ ಸಮೇತ ಓಡಿಬಂದ. ಪೇಪರಿನಲ್ಲಿ ಬಂದ ಕೋರ್ಟ್ ತೀರ್ಪುಗಳನ್ನೆಲ್ಲ ಕತ್ತರಿಸಿಡುವುದು ಅವನ ಚಟ; ಹಾಗಾಗಿ ಗಿರಾಕಿಗಳ ಬಟ್ಟೆ ಕತ್ತರಿಸಲು ಪುರಸತ್ತೇ ಸಿಗುತ್ತಿರಲಿಲ್ಲ.

“ಅಂಜಬ್ಯಾಡ್ರಿ ಕಾಕಾ! ನೌಕರದಾರರ ಸರ್ವಿಸ್ ಬುಕ್ಕು ಖಾಸಗಿ ಮಾತು ಅಂತ ಸುಪ್ರೀಂ ಕೋರ್ಟೇ ಹೇಳೇತಿ. ಮಂದಿಗೆ ಹಿತ ಇದ್ರಷ್ಟ ಕೊಡಬೇಕು. ಲಗೂ ಬರೀರಿ!”

ಅವನು ಹೇಳಿದ, ಇವರು ಬರೆದರು. ತಕರಾರು ಮೂರು ಪುಟವಾಯಿತು. ಅಪ್ಪ ಮುಗಿದ ಕೈ ನೋಡಿ ಸುಧಾರಾಣಿ, “ಇದೊಂದ ಸಲಾ ಅಷ್ಟ” ಎಂದು ಸಹಿ ಹಾಕಿದಳು.

ಸ್ಕೂಟರು ಹಾವೇರಿಗೆ ಹೊರಟಿತು. ಮಾರ್ಕೆಟ್ ದಿನ, ದಾರಿ ತುಂಬ ಮೆಣಸಿನಕಾಯಿ ಚೀಲ, ರಾಶಿ. ಹಿಂದೆ ಕೂತಿದ್ದ ಶಮಶೇರಸಾಬ ಒಂದು ಸೀನು ಸೀನಿದ್ದೇ ತಡ, ತಕರಾರು ಕೈತಪ್ಪಿ ಕೆಂಪು ರಾಶಿಯೊಳಗೆ ಬಿತ್ತು. ಇಬ್ಬರೂ ಕಣ್ಣೀರು ಸುರಿಸುತ್ತ ಹೆಕ್ಕಿಕೊಂಡು ಕಚೇರಿ ಮುಟ್ಟಿದಾಗ ಐದು ಗಂಟೆ.

ಮಾಹಿತಿ ಅಧಿಕಾರಿ ಮೊದಲ ಪುಟಕ್ಕೆ ನಾಲ್ಕು ಸಲ ಸೀನಿದರು. ಎರಡನೆಯ ಪುಟಕ್ಕೆ ಕನ್ನಡಕ ತೆಗೆದರು. “ತೀರ್ಪು ನನಗೂ ಗೊತ್ತೈತ್ರಿ! ಕೊಡಂಗಿಲ್ಲ ಅಂತ ಈಗ ಬರೀತೀನಿ, ಈ ಖಾರಾ ಮೊದಲ ಆ ಕಡೆ ಸರಸ್ರಿ!” ಸಹಿ ಬಿತ್ತು, ಸಿಕ್ಕಾ ಬಿತ್ತು. ಬೆಳಗಿನಿಂದ ಫೋನು ಮಾಡಿ ಜೀವ ತಿಂದಿದ್ದ ಅರ್ಜಿದಾರರಿಗೂ ಅಲ್ಲಿಂದಲೇ ಸುದ್ದಿ ಹೋಯಿತು.

ಪ್ರಭುಲಿಂಗಪ್ಪನವರಿಗೆ ಖುಷಿಯಲ್ಲಿ ನೆಲವೇ ಕಾಣಲಿಲ್ಲ. ಮೋಟೆಬೆನ್ನೂರಿನಲ್ಲಿ ಸ್ಕೂಟರು ನಿಲ್ಲಿಸಿ, “ಎರಡ ಪ್ಲೇಟ್ ಮಿರ್ಚಿ!” ಎಂದು ಕೂಗಿದರು. ಮಿರ್ಚಿ ಬರುವ ಮೊದಲು ರುದ್ರಮುನಿಯವರ ಫೋನು ಬಂತು.

“ಏನ ಹೇಳ್ಲಿರೀ, ನಮ್ಮ ಹುಡುಗಗ ಮೂವತ್ತಮೂರು. ಆರು ವರ್ಷ ಸಣ್ಣಾಕಿ ಒಲ್ಲೆ ಅಂತ ಹಟಾ ಹಿಡಿದಿದ್ದ. ಕದರಮಂಡಲಗಿ ಗುಡ್ಯಾಗ ಯಾರೋ ನಿಮ್ಮ ಹುಡುಗಿಗೆ ಮೂವತ್ತು ಅಂದ್ರು. ಖರೇ ಇದ್ರ ಚಲೋ ಆತು, ಹೂಂ ಅಂದುಬಿಡೂಣು ಅಂತ ಅರ್ಜಿ ಹಾಕಿದ್ವಿ. ನಿಮ್ಮನ್ನ ಕೇಳಾಕ ಸಂಕೋಚ ನೋಡ್ರಿ. ಈಗ ಅವರು ಕೊಡಂಗಿಲ್ಲ ಅಂದ್ರು. ಇನ್ನೊಂದು ಕನ್ಯಾದ ಕಡೆಯವರು ಮನ್ಯಾಗ ಕುಂತಿದ್ರು, ಮಾತು ಪಕ್ಕಾ ಮಾಡಿ ಸಕ್ರಿ ಹಂಚಿಬಿಟ್ವಿ.”

“ಆಕೀಗೆ ಮೂವತ್ತ ಐತ್ರೀ! ಖರೇ ಮೂವತ್ತು!” ಮಿರ್ಚಿ ಕರಿಯುತ್ತಿದ್ದವನೂ ತಿರುಗಿ ನೋಡಿದ.

“ಇರ್ಲಿ ಬಿಡ್ರಿ. ಅದು ಖಾಸಗಿ ಮಾತು” ಎಂದು ರುದ್ರಮುನಿ ಫೋನಿಟ್ಟರು.

ಮನೆಯಲ್ಲಿ ಸುದ್ದಿ ಕೇಳಿದ ಸುಧಾರಾಣಿಯ ಕಣ್ಣು ತುಂಬಿದವು. ಆಮೇಲೆ ಸೆರಗಿನಲ್ಲಿ ಒರೆಸಿಕೊಂಡಳು.

“ಚಿಂತಿ ಮಾಡಬ್ಯಾಡ್ರಪ್ಪಾ. ನಿಮ್ಮ ಲೆಕ್ಕದಾಗ ನನಗ ಇನ್ನೂ ಇಪ್ಪತ್ತೇಳ. ಮೂರು ವರ್ಷ ತಡೀರಿ, ಅರ್ಜಿ ಇಲ್ಲದನ ಮೂವತ್ತ ಆಗತೈತಿ.”